ಸೈಟಿನ ಮೇಲೆ ಏನು ಕಟ್ಟಬಹುದು? ಬೆಂಗಳೂರಿನ ಭೂಬಳಕೆ ನಿಯಮ ತಿಳಿಯುವ ಸಮಗ್ರ ಮಾರ್ಗದರ್ಶಿ

ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ ಮೂರೂ ಕೈಯಲ್ಲಿವೆ. ಆದರೂ ಆ ಜಾಗದಲ್ಲಿ ಬೇಕರಿ ತೆರೆಯಬಹುದೇ, ಮೂರನೇ ಮಹಡಿ ಏರಿಸಬಹುದೇ, ಪಕ್ಕದ ಖಾಲಿ ಜಮೀನಿನಲ್ಲಿ ನಾಳೆ ಕಾರ್ಖಾನೆ ಬರಬಹುದೇ ಎಂಬ ಪ್ರಶ್ನೆಗಳಿಗೆ ಆ ಮೂರರಲ್ಲಿ ಒಂದೂ ಉತ್ತರ ಹೇಳುವುದಿಲ್ಲ. ಉತ್ತರ ಇರುವುದು ನಗರದ ಮಹಾಯೋಜನೆಯಲ್ಲಿ, ಅಂದರೆ ಜನ ಇಂದಿಗೂ ಸಿಡಿಪಿ ಎಂದು ಕರೆಯುವ ಮಾಸ್ಟರ್ ಪ್ಲಾನಿನಲ್ಲಿ, ಮತ್ತು ಅದರ ಜೊತೆಗಿರುವ ವಲಯ ನಿಯಮಾವಳಿಯಲ್ಲಿ. ಅದನ್ನು ನೋಡಲು ವಕೀಲರೇ ಆಗಬೇಕಿಲ್ಲ. ಆದರೆ ನೋಡುವ ಕ್ರಮ ತಪ್ಪಿದರೆ ಸರಿಯಾದ ಕಾಗದದಿಂದಲೂ ತಪ್ಪು ಉತ್ತರ ಬರುತ್ತದೆ.

ಇಲ್ಲಿ ಬೆಂಗಳೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನವರಿಗೂ ಮೂಲ ಕಾನೂನು ಒಂದೇ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಅಂಕಿಗಳು ಮಾತ್ರ ಊರಿಂದೂರಿಗೆ ಬೇರೆ.

ಮೊದಲು ಕಾಗದಗಳನ್ನು ಬೇರ್ಪಡಿಸಿ

ಹೆಚ್ಚಿನ ನಷ್ಟ ಆಗುವುದು ಒಂದು ಕಾಗದವನ್ನು ಇನ್ನೊಂದರ ಕೆಲಸಕ್ಕೆ ಬಳಸಿದಾಗ.

ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳು ಜಾಗ ಯಾರದು ಎಂದು ಹೇಳುತ್ತವೆ. ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ನೋಂದಣಿಯಾದ ವಹಿವಾಟುಗಳನ್ನು ತೋರಿಸುತ್ತದೆ. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ಖಾತೆ ಇರುವುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬುದಕ್ಕೆ. ಅದು ಹಕ್ಕುಪತ್ರವೂ ಅಲ್ಲ, ಕಟ್ಟಡಕ್ಕೆ ಅನುಮತಿಯೂ ಅಲ್ಲ. ಡಿಸಿ ಕನ್ವರ್ಷನ್ ಎಂದರೆ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬಿಟ್ಟುಕೊಟ್ಟ ಆದೇಶ. ಬಡಾವಣೆ ನಕ್ಷೆಯ ಅನುಮೋದನೆ ಎಂದರೆ ಆ ಜಮೀನನ್ನು ಸೈಟುಗಳಾಗಿ ಒಡೆಯಲು ಯೋಜನಾ ಪ್ರಾಧಿಕಾರ ಕೊಟ್ಟ ಒಪ್ಪಿಗೆ. ಪ್ಲಾನ್ ಸ್ಯಾಂಕ್ಷನ್ ಎಂದರೆ ಒಂದು ನಿರ್ದಿಷ್ಟ ಕಟ್ಟಡಕ್ಕೆ ಪಾಲಿಕೆ ಕೊಟ್ಟ ಮಂಜೂರಾತಿ.

ಇವುಗಳಲ್ಲಿ ಯಾವುದೂ ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. "ಡಿಸಿ ಕನ್ವರ್ಟೆಡ್ ಸೈಟು" ಎಂಬ ಜಾಹೀರಾತಿನ ಅರ್ಥ ಪರಿವರ್ತನೆ ಆಗಿದೆ ಎಂದಷ್ಟೇ. ಬಡಾವಣೆಗೆ ಅನುಮೋದನೆ ಇಲ್ಲದಿದ್ದರೆ ಅದು ಈಗಲೂ ರೆವಿನ್ಯೂ ಸೈಟೇ.

ಹೆಜ್ಜೆ 1: ಯೋಜನಾ ಪ್ರಾಧಿಕಾರ ಯಾವುದು?

ಬೆಂಗಳೂರಿನ ಸುತ್ತ ಒಂದೇ ರಸ್ತೆಯ ಎರಡು ಬದಿಗೆ ಎರಡು ಪ್ರಾಧಿಕಾರ ಇರುವುದುಂಟು. ನಗರಕ್ಕೆ ಮಹಾಯೋಜನೆ ಮಾಡಿದ್ದು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ವಿಮಾನ ನಿಲ್ದಾಣದ ಸುತ್ತ ಬಯಾಪ (ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ), ನೈಸ್ ರಸ್ತೆಯ ಯೋಜನಾ ಪ್ರದೇಶಕ್ಕೆ ಬೇರೊಂದು ಪ್ರಾಧಿಕಾರ, ಆನೇಕಲ್, ಹೊಸಕೋಟೆ, ನೆಲಮಂಗಲ ಮುಂತಾದ ಕಡೆ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎ ವ್ಯಾಪ್ತಿಯ ಸ್ಥಳೀಯ ಯೋಜನಾ ಪ್ರಾಧಿಕಾರಗಳು. ಒಂದೊಂದಕ್ಕೂ ಪ್ರತ್ಯೇಕ ಮಹಾಯೋಜನೆ, ಪ್ರತ್ಯೇಕ ನಿಯಮಾವಳಿ.

2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಕಡತಗಳ ಮೇಲಿನ ಹೆಸರು, ಸಹಿ ಹಾಕುವ ಅಧಿಕಾರಿ ಎರಡೂ ಬದಲಾಗಿವೆ. ಹಳೆಯ ಬಿಬಿಎಂಪಿ ವಾರ್ಡು ನೋಡಿ ಅರ್ಜಿ ಹಾಕಬೇಡಿ. ಜಾಗ ಈಗ ಯಾವ ಪಾಲಿಕೆಗೆ ಸೇರಿದೆ, ಭೂಬಳಕೆಯ ವಿಷಯಕ್ಕೆ ಆ ಜಾಗದ ಯೋಜನಾ ಪ್ರಾಧಿಕಾರ ಯಾವುದು ಎಂಬ ಎರಡು ಪ್ರಶ್ನೆಗಳನ್ನು ನಗರ ಯೋಜನೆ ವಿಭಾಗದಲ್ಲಿ ಬೇರೆ ಬೇರೆಯಾಗಿಯೇ ಕೇಳಿ.

ಮಹಾಯೋಜನೆಯ ವಿಷಯದಲ್ಲೂ ಒಂದು ಗೊಂದಲವಿದೆ. ಬಿಡಿಎಯ ಪರಿಷ್ಕೃತ ಮಹಾಯೋಜನೆ 2015 ಜಾರಿಗೆ ಬಂದದ್ದು 2007ರ ಜೂನ್‌ನಲ್ಲಿ. ಅದರ ನಂತರ 2031ಕ್ಕೆಂದು ಸಿದ್ಧವಾದ ಕರಡು 2017ರಲ್ಲಿ ಹೊರಬಂದು 2020ರಲ್ಲಿ ಹಿಂದೆ ಹೋಯಿತು. ಹಾಗಾಗಿ ಹೆಸರಿನಲ್ಲಿ 2015 ಇದ್ದರೂ ಇನ್ನೂ ಜಾರಿಯಲ್ಲಿ ಉಳಿದಿರುವುದು ಅದೇ ಯೋಜನೆ. ಅಂತರ್ಜಾಲದಲ್ಲಿ 2031ರ ಕರಡು ನಕ್ಷೆಗಳು ಇನ್ನೂ ಓಡಾಡುತ್ತಿವೆ. ದಲ್ಲಾಳಿಗಳು ತೋರಿಸುವುದು ಹಲವು ಬಾರಿ ಅದನ್ನೇ, ಏಕೆಂದರೆ ಅದರಲ್ಲಿ ಕೆಲವು ಕೃಷಿ ವಲಯಗಳು ವಸತಿಯಾಗಿ ಕಾಣುತ್ತವೆ. ಕರಡಿನ ಬಣ್ಣಕ್ಕೆ ಕಾನೂನಿನ ಬೆಲೆ ಇಲ್ಲ.

ಹೆಜ್ಜೆ 2: ನಿಮ್ಮ ಜಾಗವನ್ನು ನಕ್ಷೆಯ ಮೇಲೆ ಗುರುತಿಸಿ

ಮಹಾಯೋಜನೆಯ ನಕ್ಷೆಗಳು ಮನೆ ನಂಬರು, ಅಡ್ಡರಸ್ತೆಯ ಲೆಕ್ಕದಲ್ಲಿಲ್ಲ. ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ಒಡೆದು ನಕ್ಷೆ ಮಾಡಿದ್ದಾರೆ. ಹೊರವಲಯದ ಜಮೀನಾದರೆ ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಬೇಕು. ಕ್ರಯಪತ್ರದ ಷೆಡ್ಯೂಲಿನಲ್ಲಿ ಸೈಟ್ ನಂಬರು, ಖಾತೆ ನಂಬರು ಮಾತ್ರ ಇದ್ದರೆ ಹಿಂದಿನ ಪತ್ರಗಳಿಗೆ ಹೋಗಿ. ಯಾವುದಾದರೂ ಒಂದರಲ್ಲಿ "ಇಂಥ ಗ್ರಾಮದ ಸರ್ವೆ ನಂ. ಇಷ್ಟರಲ್ಲಿ" ಎಂದು ಇದ್ದೇ ಇರುತ್ತದೆ.

ಜಾಗದ ಮೇಲೆ ನಿಂತು ಸರ್ವೆ ನಂಬರು ತಿಳಿಯಲು ದಿಶಾಂಕ್ ಆಪ್ ಇದೆ. ನೀವು ನಿಂತ ಸ್ಥಳದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಮಾರುವವರು ಹೇಳಿದ ನಂಬರಿಗೂ ಅದಕ್ಕೂ ತಾಳೆಯಾಗದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ ಸರ್ವೆ ಮಾಡಿಸಬೇಕು. ಆದರೆ ದಿಶಾಂಕ್‌ನಿಂದ ಗಡಿ ಅಳೆಯಬೇಡಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೋಗುವುದು ಸಹಜ, ರಾಜಕಾಲುವೆಯ ಪಕ್ಕ ಆ ಕೆಲವು ಮೀಟರೇ ಎಲ್ಲ ವ್ಯತ್ಯಾಸ. ಗಡಿಗೆ ಬೇಕಾದದ್ದು ಸರ್ವೆ ಇಲಾಖೆಯ ಟಿಪ್ಪಣಿ (ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ. ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಬರೆದ ಸ್ಕೆಚ್.

ಪಹಣಿ ಕೈಗೆ ಬಂದಾಗ ವಿಸ್ತೀರ್ಣದ ಕಲಮಿನಲ್ಲಿ ಖರಾಬು ಎಷ್ಟಿದೆ ನೋಡಿ. ಅ ಖರಾಬು ಸಾಗುವಳಿಗೆ ಬಾರದ, ಆದರೆ ಹಿಡುವಳಿಗೆ ಸೇರಿದ ನೆಲ. ಬ ಖರಾಬು ಸಾರ್ವಜನಿಕರದು: ಹಳ್ಳ, ದಾರಿ, ಕೆರೆ ಅಂಗಳ. ಒಂದು ಎಕರೆಯಲ್ಲಿ 6 ಗುಂಟೆ ಬ ಖರಾಬು ಇದ್ದರೆ ನೀವು ಕೊಳ್ಳುವುದು 34 ಗುಂಟೆ. ಗುಂಟೆಗೆ 1,089 ಚದರಡಿ, ಅಂದರೆ ಕೈಬಿಟ್ಟು ಹೋಗುವುದು 6,534 ಚದರಡಿ. ಬಡಾವಣೆ ಮಾಡುವವರು ಇದನ್ನೂ ಸೇರಿಸಿ ಸೈಟು ಕತ್ತರಿಸಿದ್ದರೆ, ಆ ಭಾಗದ ಸೈಟು ಕೊಂಡವರು ಮುಂದೊಂದು ದಿನ ಒತ್ತುವರಿದಾರರ ಪಟ್ಟಿಯಲ್ಲಿ ಇರುತ್ತಾರೆ.

ಈಗ ನಕ್ಷೆ. ಎರಡು ಬಗೆಯ ನಕ್ಷೆಗಳಿರುತ್ತವೆ, ನೋಡಲು ಒಂದೇ ರೀತಿ. ಒಂದು ಯೋಜನೆ ಮಾಡುವಾಗ ಇದ್ದ ಬಳಕೆಯನ್ನು ತೋರಿಸುವುದು, ಅದನ್ನು ಇಎಲ್‌ಯು ಎನ್ನುತ್ತಾರೆ. ಇನ್ನೊಂದು ಮುಂದೆ ಇರಬೇಕಾದ ಬಳಕೆಯನ್ನು ನಿಗದಿ ಮಾಡುವ ಪಿಎಲ್‌ಯು. ನಿಮಗೆ ಬೇಕಾದದ್ದು ಎರಡನೆಯದು. ಇಎಲ್‌ಯುನಲ್ಲಿ ಖಾಲಿ ಎಂದು ಕಂಡ ಜಾಗ ಪಿಎಲ್‌ಯುನಲ್ಲಿ ಉದ್ಯಾನವಾಗಿರಬಹುದು.

ನಕ್ಷೆ ನೋಡಿ ನೀವೇ ತೀರ್ಮಾನಿಸಿದ್ದು ನಿಮ್ಮ ತಿಳಿವಳಿಕೆಗೆ ಸಾಕು, ಹಣ ಕೊಡಲು ಸಾಲದು. ಸರ್ವೆ ಸ್ಕೆಚ್ ಲಗತ್ತಿಸಿ ಯೋಜನಾ ಪ್ರಾಧಿಕಾರದಿಂದ ಭೂಬಳಕೆಯ ದೃಢೀಕರಣ ಪಡೆಯಿರಿ, ಕಚೇರಿಯಲ್ಲಿ ಇದನ್ನು ಜೋನಿಂಗ್ ಸರ್ಟಿಫಿಕೇಟ್ ಎಂದರೆ ಬೇಗ ಅರ್ಥವಾಗುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಎರಡು ವಲಯಗಳಿದ್ದರೆ "ಭಾಗಶಃ ವಸತಿ, ಭಾಗಶಃ ಕೃಷಿ" ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ನಿಮ್ಮ ತುಂಡು ಯಾವ ಭಾಗದಲ್ಲಿದೆ ಎಂದು ಸ್ಕೆಚ್ಚಿನ ಮೇಲೆ ಗುರುತು ಹಾಕಿಸಿಕೊಳ್ಳದೆ ಬರಬೇಡಿ.

ಹೆಜ್ಜೆ 3: ಬಣ್ಣದ ಹಿಂದಿನ ನಿಯಮ ಓದಿ

ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಹಸಿರು ಉದ್ಯಾನ. ರಾಜ್ಯದ ಹೆಚ್ಚಿನ ಮಹಾಯೋಜನೆಗಳ ರೂಢಿ ಇದು, ಆದರೂ ನಕ್ಷೆಯ ಮೂಲೆಯ ಸೂಚಿ ನೋಡಿಯೇ ಮುಂದೆ ಹೋಗಿ. ಬೆಂಗಳೂರಿನಲ್ಲಿ ವಸತಿಯಲ್ಲೇ ಎರಡು ಬಗೆ: ಮುಖ್ಯ ವಸತಿ ಮತ್ತು ಮಿಶ್ರ ವಸತಿ. ವಾಣಿಜ್ಯದಲ್ಲೂ ಎರಡು. ಕೆಲವು ದೊಡ್ಡ ರಸ್ತೆಗಳ ಉದ್ದಕ್ಕೆ ಮ್ಯುಟೇಶನ್ ಕಾರಿಡಾರ್ ಎಂಬ, ವಾಣಿಜ್ಯಕ್ಕೆ ಅವಕಾಶವಿರುವ ಪ್ರತ್ಯೇಕ ವಲಯವಿದೆ. ರಸ್ತೆಗೆ ತಾಗಿದ ಸೈಟು ಅದಕ್ಕೆ ಸೇರಿ, ಹಿಂದಿನ ಸೈಟು ಮುಖ್ಯ ವಸತಿಯಲ್ಲೇ ಉಳಿದಿರುವುದು ಸಾಮಾನ್ಯ. ಮುಂದಿನ ಕಟ್ಟಡ ನೋಡಿಕೊಂಡು ಹಿಂದಿನ ಸೈಟಿನ ಬೆಲೆ ಕಟ್ಟಬಾರದು.

ಪ್ರತಿ ವಲಯಕ್ಕೂ ನಿಯಮಾವಳಿಯಲ್ಲಿ ಎರಡು ಪಟ್ಟಿ. ಮುಖ್ಯ ಬಳಕೆ ಎಂದರೆ ಇಡೀ ಕಟ್ಟಡಕ್ಕೆ ಒಪ್ಪುವಂಥದ್ದು. ಪೂರಕ ಬಳಕೆ ಎಂದರೆ ಮುಖ್ಯ ಬಳಕೆಯ ಜೊತೆಗೆ, ಒಂದು ಮಿತಿಯೊಳಗೆ ಒಪ್ಪುವಂಥದ್ದು. 2007ರ ಮೂಲ ನಿಯಮಾವಳಿಯಲ್ಲಿ ಮುಖ್ಯ ವಸತಿ ವಲಯದ ಪೂರಕ ಬಳಕೆಗೆ ಮಿತಿ ಒಟ್ಟು ನಿರ್ಮಾಣದ ಶೇ. 20 ಅಥವಾ 50 ಚದರ ಮೀಟರ್. ಮಿಶ್ರ ವಸತಿಯಲ್ಲಿ ಅದು ಶೇ. 30. ಅಂದರೆ ಮನೆಯ ಮುಂದೆ ಚಿಲ್ಲರೆ ಅಂಗಡಿ, ಕ್ಲಿನಿಕ್ಕು ಇಡುವುದು ಬೇರೆ, ಮನೆಯನ್ನೇ ಪೂರ್ತಿ ಕಚೇರಿಗೆ ಬಾಡಿಗೆ ಕೊಡುವುದು ಬೇರೆ.

ವಸತಿ ಬಡಾವಣೆಗಳಲ್ಲಿ ಅಂಗಡಿ, ಪಬ್ಬುಗಳ ವಿರುದ್ಧ ನಿವಾಸಿಗಳು ಹೈಕೋರ್ಟಿಗೆ ಹೋದ ಮೇಲೆ ಈ ಭಾಗ ತಿದ್ದುಪಡಿಯಾಗಿದೆ. ನಗರದ ಒಳಭಾಗದ ವಸತಿ ವಲಯದಲ್ಲಿ ವ್ಯಾಪಾರಕ್ಕೆ ಈಗ ಗಡಿಗೆರೆ 40 ಅಡಿ ರಸ್ತೆ. ಅದಕ್ಕಿಂತ ಕಿರಿದಾದ ರಸ್ತೆಯಲ್ಲಿ ಟ್ರೇಡ್ ಲೈಸೆನ್ಸ್ ಅರ್ಜಿ ತಿರಸ್ಕೃತವಾಗುವುದು, ಇದ್ದ ಲೈಸೆನ್ಸ್ ನವೀಕರಣ ಆಗದಿರುವುದು ಇದೇ ಕಾರಣಕ್ಕೆ. ಮೂಲ ನಿಯಮಾವಳಿಯ ಪುಸ್ತಕ ಮಾತ್ರ ಓದಿ ನಿಲ್ಲಬೇಡಿ, ಆಮೇಲಿನ ತಿದ್ದುಪಡಿ ಅಧಿಸೂಚನೆಗಳನ್ನು ಕೇಳಿ ಪಡೆಯಿರಿ.

ವಾಣಿಜ್ಯ ದರದಲ್ಲಿ ಕರೆಂಟ್ ಬಿಲ್ ಕಟ್ಟುತ್ತಿದ್ದೇನೆ, ವಸತಿಯೇತರ ದರದಲ್ಲಿ ಕಂದಾಯವನ್ನೂ ಕಟ್ಟುತ್ತಿದ್ದೇನೆ, ಆದ್ದರಿಂದ ಅಂಗಡಿ ಸಕ್ರಮ ಎನ್ನುವ ವಾದ ಬಹಳ ಕೇಳಿಬರುತ್ತದೆ. ಅದು ನಿಲ್ಲುವುದಿಲ್ಲ. ತೆರಿಗೆ ಇಲಾಖೆ ಇರುವುದಕ್ಕೆ ತೆರಿಗೆ ಹಾಕುತ್ತದೆ, ಇರಬೇಕೋ ಬಾರದೋ ಎಂದು ಹೇಳುವುದು ಅದರ ಕೆಲಸವಲ್ಲ.

ಹೆಜ್ಜೆ 4: ರಸ್ತೆ ಅಳೆಯಿರಿ

ಬಣ್ಣಕ್ಕಿಂತ ಹೆಚ್ಚು ನಿರ್ಧಾರ ಮಾಡುವುದು ರಸ್ತೆಯ ಅಗಲ. ಎಷ್ಟು ಕಟ್ಟಬಹುದು, ಏನು ನಡೆಸಬಹುದು ಎರಡೂ ಅದಕ್ಕೆ ಕಟ್ಟುಬಿದ್ದಿವೆ.

ಅಗಲ ಎಂದರೆ ಡಾಂಬರಿನ ಅಗಲವಲ್ಲ. ನಿಮ್ಮ ಗಡಿಯಿಂದ ಎದುರಿನವರ ಗಡಿಯವರೆಗೆ, ಚರಂಡಿ, ಕಾಲುದಾರಿ ಸೇರಿಸಿ, ರಸ್ತೆಗೆ ಲಂಬವಾಗಿ ಅಳೆಯಬೇಕು. ಟೇಪು ಹಿಡಿದು ಸೈಟಿನ ಎರಡೂ ತುದಿಯಲ್ಲಿ ಮತ್ತು ನಡುವೆ, ಮೂರು ಕಡೆ ಅಳೆದು ಬರೆದಿಡಿ. 12 ಮೀಟರ್ ಎಂದರೆ 39 ಅಡಿ 4 ಅಂಗುಲ. ಬಡಾವಣೆ ನಕ್ಷೆಯಲ್ಲಿ 40 ಅಡಿ ಎಂದಿದ್ದು, ಸ್ಥಳದಲ್ಲಿ 37 ಇದ್ದರೆ ಯಾರೋ ಕಾಂಪೌಂಡನ್ನು ರಸ್ತೆಗೆ ತಂದಿದ್ದಾರೆ. ಅದು ನಿಮ್ಮ ಕಾಂಪೌಂಡೇ ಆಗಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳುವುದು ಲೇಸು, ಏಕೆಂದರೆ ಸ್ಥಳ ತನಿಖೆಗೆ ಬಂದ ಇಂಜಿನಿಯರು ಹಿಡಿಯುವುದು ಸ್ಥಳದ ಅಳತೆಯನ್ನೇ.

ಮಹಾಯೋಜನೆಯಲ್ಲಿ ಆ ರಸ್ತೆಗೆ ಅಗಲೀಕರಣ ಪ್ರಸ್ತಾಪ ಇದೆಯೇ ಎಂಬುದನ್ನೂ ನೋಡಿ. ಇಂದು 40 ಅಡಿ ಇರುವ ರಸ್ತೆಯನ್ನು ನಕ್ಷೆಯಲ್ಲಿ 60 ಅಡಿಗೆ ಎಳೆದಿದ್ದರೆ ಹೆಚ್ಚುವರಿ 20 ಅಡಿಯಲ್ಲಿ ನಿಮ್ಮ ಪಾಲು ಸುಮಾರು 10 ಅಡಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಎಣಿಸುವುದು ಆ ಹೊಸ ಗೆರೆಯಿಂದ. 30×40ರ ಸೈಟಿನಲ್ಲಿ ಮುಂದಿನ 10 ಅಡಿ ಹೋದರೆ ಉಳಿಯುವುದು 30×30. ಬಿಟ್ಟುಕೊಟ್ಟ ಜಾಗಕ್ಕೆ ಪರಿಹಾರವಾಗಿ ಯೋಜನಾ ಕಾಯ್ದೆಯ 14ಬಿ ಅಡಿಯಲ್ಲಿ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್, ಪಡೆಯಲು ಅವಕಾಶವಿದೆ.

ಹೆಜ್ಜೆ 5: ಎಷ್ಟು ಕಟ್ಟಬಹುದು, ಲೆಕ್ಕ ಹಾಕಿ

ನಾಲ್ಕು ಮಿತಿಗಳಿವೆ: ಎಫ್‌ಎಆರ್, ನೆಲವ್ಯಾಪ್ತಿ, ಸೆಟ್‌ಬ್ಯಾಕ್, ಎತ್ತರ. ನಾಲ್ಕರಲ್ಲಿ ಯಾವುದು ಮೊದಲು ಅಡ್ಡ ಬರುತ್ತದೋ ಅದೇ ನಿಮ್ಮ ಮಿತಿ.

ಎಫ್‌ಎಆರ್ ಎಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಸೈಟಿನ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆ. ಮಹಾಯೋಜನೆ 2015ರ ನಿಯಮಾವಳಿಯಲ್ಲಿ 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ ಎಫ್‌ಎಆರ್ 1.75, ನೆಲವ್ಯಾಪ್ತಿ, ಅಂದರೆ ಸೈಟಿನಲ್ಲಿ ಕಟ್ಟಡ ಆವರಿಸಬಹುದಾದ ಭಾಗ, ಶೇ. 75.

30×40 ಸೈಟು ತೆಗೆದುಕೊಳ್ಳಿ. 1,200 ಚದರಡಿ, ಸುಮಾರು 111.5 ಚದರ ಮೀಟರ್. ಎಫ್‌ಎಆರ್ ಪ್ರಕಾರ 1,200 × 1.75 = 2,100 ಚದರಡಿ. ನೆಲವ್ಯಾಪ್ತಿ ಪ್ರಕಾರ ಒಂದು ಮಹಡಿಗೆ ಹೆಚ್ಚೆಂದರೆ 900. ಆದರೆ ಮುಂದೆ, ಹಿಂದೆ, ಪಕ್ಕದಲ್ಲಿ ಬಿಡಬೇಕಾದ ಜಾಗ ಕಳೆದಾಗ 900 ಸಿಗುವುದು ಕಷ್ಟ. ಮಹಡಿಗೆ 700 ಎಂದುಕೊಂಡರೆ ಮೂರು ಮಹಡಿಗೆ 2,100, ಲೆಕ್ಕ ಸರಿಹೋಯಿತು. ವಾಹನ ನಿಲುಗಡೆಯ ಸ್ಟಿಲ್ಟ್ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಅದೇ ಸ್ಟಿಲ್ಟಿಗೆ ಆಮೇಲೆ ಗೋಡೆ ಎಬ್ಬಿಸಿ ಒಂದು ಬಿಎಚ್‌ಕೆ ಮಾಡಿದರೆ ಅದು ಲೆಕ್ಕಕ್ಕೆ ಬಂತು, ಪಾರ್ಕಿಂಗ್ ಉಲ್ಲಂಘನೆಯೂ ಜೊತೆಗೆ ಬಂತು.

ಈಗ ನಗರದಲ್ಲಿ ಕಣ್ಣಿಗೆ ಬೀಳುವ ಮಾದರಿ ನೋಡಿ: ಅದೇ 30×40ರಲ್ಲಿ ಗಡಿಯಿಂದ ಗಡಿಗೆ ಮಹಡಿಗೆ 1,100 ಚದರಡಿಯಂತೆ ನಾಲ್ಕು ಮಹಡಿ. ಒಟ್ಟು 4,400, ಎಫ್‌ಎಆರ್ 3.67. ಮಂಜೂರಾದ ನಕ್ಷೆಯಲ್ಲಿ ಮೂರು ಮಹಡಿಯೇ ಇರುತ್ತದೆ. 2003ರ ಕಟ್ಟಡ ಉಪವಿಧಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸಕ್ಕೆ ಬಿಟ್ಟ ಅವಕಾಶ ಶೇ. 5, ಅಂದರೆ 2,100ಕ್ಕೆ 105 ಚದರಡಿ. 2,300 ಚದರಡಿಯ ಹೆಚ್ಚುವರಿಯನ್ನು ಯಾವ ದಂಡವೂ ಸರಿಮಾಡದು. ಅಕ್ರಮ-ಸಕ್ರಮ, ಅಂದರೆ ದಂಡ ಕಟ್ಟಿಸಿಕೊಂಡು ಉಲ್ಲಂಘನೆಯನ್ನು ಸಕ್ರಮ ಮಾಡುವ ಯೋಜನೆ, ಬರುತ್ತದೆ ಎಂದು ಮೇಸ್ತ್ರಿ ಸಮಾಧಾನ ಹೇಳಬಹುದು. ಯೋಜನಾ ಕಾಯ್ದೆಗೆ ಸೇರಿಸಿದ 76ಎಫ್‌ಎಫ್ ಕಲಮಿನ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ.

ಸೆಟ್‌ಬ್ಯಾಕ್ ಅಂಕಿಗಳು ಸೈಟಿನ ಅಳತೆ ಮತ್ತು ಕಟ್ಟಡದ ಎತ್ತರಕ್ಕೆ ತಕ್ಕಂತೆ ಬದಲಾಗುತ್ತವೆ, ತಿದ್ದುಪಡಿಗಳೂ ಆಗಿವೆ. ನಕ್ಷೆ ಬರೆಯುವ ಇಂಜಿನಿಯರಿಂದ ಯಾವ ಕೋಷ್ಟಕದ ಯಾವ ಸಾಲು ಎಂದು ಬರೆಸಿಕೊಳ್ಳಿ. ವಿಮಾನ ಹಾರಾಟದ ದಾರಿಯಲ್ಲಿದ್ದರೆ, ಎಚ್‌ಎಎಲ್, ಜಕ್ಕೂರು, ಯಲಹಂಕದ ಸುತ್ತ ವಿಶೇಷವಾಗಿ, ಎತ್ತರಕ್ಕೆ ಬೇರೆ ಮಿತಿ ಇರುತ್ತದೆ.

ಹೆಜ್ಜೆ 6: ನಕ್ಷೆಯ ಮೇಲಿನ ಗೆರೆಗಳು

ವಲಯ ಹಳದಿ, ರಸ್ತೆ 60 ಅಡಿ, ಎಲ್ಲ ಸರಿ. ಆದರೂ ಪ್ಲಾನ್ ಸಿಗದಿರಬಹುದು. ಕಾರಣ ಹೆಚ್ಚಾಗಿ ನೀರು.

ಮಹಾಯೋಜನೆ 2015ರಲ್ಲಿ ಕೆರೆಯ ಅಂಚಿನಿಂದ 30 ಮೀಟರ್ ನಿರ್ಮಾಣ ನಿಷೇಧ. ರಾಜಕಾಲುವೆಗೆ ಪ್ರಾಥಮಿಕವಾದರೆ 50, ದ್ವಿತೀಯವಾದರೆ 25, ತೃತೀಯವಾದರೆ 15 ಮೀಟರ್, ಕಾಲುವೆಯ ನಡುಗೆರೆಯಿಂದ ಎರಡೂ ಬದಿಗೆ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್, ಅದೂ ಅಂಚಿನಿಂದ ಎಂದು ಆದೇಶಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿ ಮಹಾಯೋಜನೆಯ ಅಳತೆಗಳನ್ನೇ ಉಳಿಸಿತು. ನಡುಗೆರೆಯಿಂದ ಎಂಬ ಮಾತು ಸಣ್ಣದಲ್ಲ: 20 ಮೀಟರ್ ಅಗಲದ ಪ್ರಾಥಮಿಕ ಕಾಲುವೆಯಲ್ಲಿ ನಡುಗೆರೆಯಿಂದ 50 ಎಂದರೆ ದಡದಿಂದ 40 ಮಾತ್ರ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಸ್ಥಳದಲ್ಲಿ ಕಾಲುವೆಯೇ ಕಾಣದಿರುವುದು. ಮೇಲೆ ಚಪ್ಪಡಿ ಹಾಕಿರಬಹುದು, ತಿರುಗಿಸಿರಬಹುದು, ಮುಚ್ಚಿಯೇ ಹಾಕಿರಬಹುದು. ಹಳೆಯ ಗ್ರಾಮ ನಕ್ಷೆಯಲ್ಲಿ ಗೆರೆ ಇದ್ದರೆ ಕಡತದಲ್ಲೂ ಕಾಲುವೆ ಇದೆ ಎಂದೇ ಅರ್ಥ. ಎರಡು, ಕಾಲುವೆಯ ದರ್ಜೆಯನ್ನು ಊಹಿಸುವುದು. ನೋಡಲು ಕಿರಿದಾದದ್ದು ತೃತೀಯವೇ ಆಗಬೇಕಿಲ್ಲ. ಪಾಲಿಕೆಯ ರಾಜಕಾಲುವೆ ವಿಭಾಗದಿಂದ ದರ್ಜೆಯನ್ನು ಬರಹದಲ್ಲಿ ಪಡೆದು, ನಡುಗೆರೆಯಿಂದ ಅಳತೆಯನ್ನು ಸರ್ವೆಯರಿಂದ ಸ್ಕೆಚ್ಚಿನಲ್ಲಿ ಹಾಕಿಸಿ.

ಇತರ ಗೆರೆಗಳು: ಹೈಟೆನ್ಷನ್ ತಂತಿ, ರೈಲು ಹಳಿ, ಮಹಾಯೋಜನೆಯ ಹೊಸ ರಸ್ತೆಗಳು. ಪಶ್ಚಿಮದಲ್ಲಿ ತಿಪ್ಪಗೊಂಡನಹಳ್ಳಿ ಜಲಾನಯನಕ್ಕೆ 2003ರ ಸರ್ಕಾರಿ ಆದೇಶದ ನಿರ್ಬಂಧಗಳಿವೆ, ದಕ್ಷಿಣದಲ್ಲಿ ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯವಿದೆ. ಬಿಡಿಎ ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಿಡಿಎ ಕಾಯ್ದೆಯ 17ನೇ ಕಲಮಿನಡಿ, ಅಂತಿಮ ಅಧಿಸೂಚನೆ 19ನೇ ಕಲಮಿನಡಿ ಬರುತ್ತದೆ. ಪೆರಿಫೆರಲ್ ರಿಂಗ್ ರಸ್ತೆ, ಶಿವರಾಮ ಕಾರಂತ ಬಡಾವಣೆಯ ಹಳ್ಳಿಗಳಲ್ಲಿ ಸರ್ವೆ ನಂಬರು ಈ ಪಟ್ಟಿಗಳಲ್ಲಿ ಇದೆಯೇ ಎಂದು ನೋಡದೆ ಮುಂಗಡ ಕೊಡುವುದು ದುಡ್ಡು ಕೊಟ್ಟು ಕಷ್ಟ ಕೊಂಡಂತೆ. ಇದು ಇಸಿಯಲ್ಲಿ ಕಂಡೇ ಕಾಣುತ್ತದೆ ಎಂದು ನಂಬಬೇಡಿ.

ನಿಮ್ಮ ಖಾಸಗಿ ಜಮೀನನ್ನೇ ಮಹಾಯೋಜನೆ ಉದ್ಯಾನಕ್ಕೋ ಆಟದ ಮೈದಾನಕ್ಕೋ ಮೀಸಲಿಟ್ಟಿದ್ದರೆ ಕೈಚೆಲ್ಲಿ ಕೂರಬೇಕಿಲ್ಲ. ಯೋಜನಾ ಕಾಯ್ದೆಯ 69ನೇ ಕಲಂ ಅಂಥ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಪ್ರಾಧಿಕಾರಕ್ಕೆ ಐದು ವರ್ಷ ಕೊಡುತ್ತದೆ, ಅಷ್ಟರಲ್ಲಿ ಆಗದಿದ್ದರೆ ಮೀಸಲು ತಾನಾಗಿ ಬಿದ್ದುಹೋಗುತ್ತದೆ. ಯೋಜನೆ 2007ರದು, ಆ ಐದು ವರ್ಷ ಎಂದೋ ಮುಗಿದಿದೆ. ಆದರೆ ನಕ್ಷೆಯ ಹಸಿರು ತಾನಾಗಿ ಅಳಿಸಿಹೋಗುವುದಿಲ್ಲ, ಪ್ರಾಧಿಕಾರಕ್ಕೆ ಮನವಿ ಕೊಟ್ಟು, ಅಗತ್ಯಬಿದ್ದರೆ ಹೈಕೋರ್ಟಿನಿಂದ ಆದೇಶ ತರಬೇಕಾಗುತ್ತದೆ. ಬಡಾವಣೆ ಮಾಡುವಾಗಲೇ ಬಿಟ್ಟುಕೊಟ್ಟ ಉದ್ಯಾನಕ್ಕೆ ಇದು ಅನ್ವಯಿಸದು.

ಹೆಜ್ಜೆ 7: ಕೃಷಿ ಜಮೀನಾಗಿದ್ದರೆ

2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಕೊಳ್ಳಬಹುದು ಎಂದರೆ ಕಟ್ಟಬಹುದು ಎಂದಲ್ಲ. ಕ್ರಮ ಹೀಗಿದೆ: ಮೊದಲು ವಲಯ, ಆಮೇಲೆ ಪರಿವರ್ತನೆ, ಆಮೇಲೆ ಬಡಾವಣೆ ಅಥವಾ ಏಕನಿವೇಶನ ಅನುಮೋದನೆ, ಆಮೇಲೆ ಖಾತೆ, ಕೊನೆಗೆ ಕಟ್ಟಡ ನಕ್ಷೆ.

ಪರಿವರ್ತನೆ ಆದೇಶದಲ್ಲಿ ಉದ್ದೇಶ ಬರೆದಿರುತ್ತದೆ. ವಸತಿಗೆ ಪರಿವರ್ತನೆಯಾದ ಜಮೀನಿನಲ್ಲಿ ಗೋದಾಮು ಕಟ್ಟುವಂತಿಲ್ಲ. ಆದೇಶದ ಷರತ್ತುಗಳನ್ನು ಕೊನೆಯ ಪುಟದವರೆಗೆ ಓದಿ. ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆಯೇ ನೋಡಿ: ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡಿದ್ದರೆ ಮೇಲಿನ ಎಲ್ಲ ಕಾಗದಗಳೂ ವ್ಯರ್ಥ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಇದ್ದರೆ ಪರಿವರ್ತನೆ, ಅನುಮೋದನೆ ನೋಡಿ ಕೊಟ್ಟದ್ದು ಎಂದು ಭಾವಿಸಬಹುದು. 11ಬಿ ಎಂದರೆ ತೆರಿಗೆಗಾಗಿ ದಾಖಲಿಸಿದ್ದು, ಅಷ್ಟೇ. ಬೆಂಗಳೂರಿನ ಬಿ ಖಾತೆಯ ಅಣ್ಣತಮ್ಮ. ವಿದೇಶದಲ್ಲಿದ್ದು ಜಿಪಿಎ (ಅಧಿಕಾರಪತ್ರ) ಮೂಲಕ ಊರಲ್ಲಿ ಸೈಟು ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ಈ ಎರಡು ಅಕ್ಷರಗಳ ವ್ಯತ್ಯಾಸದಲ್ಲಿ. ನಮೂನೆಯ ಫೋಟೋ ತರಿಸಿಕೊಂಡು ಮೇಲ್ಭಾಗದಲ್ಲಿ ಎ ಇದೆಯೋ ಬಿ ಇದೆಯೋ ನೀವೇ ಓದಿ.

ಹೆಜ್ಜೆ 8: ಪ್ಲಾನಿನಿಂದ ಓಸಿವರೆಗೆ

ಮಂಜೂರಾತಿ ಎರಡು ವರ್ಷಕ್ಕೆ. ಕಟ್ಟಡದ ಗುರುತು ಹಾಕುವಾಗ, ಪಾಯ ಮುಗಿದಾಗ, ಪ್ರತಿ ತಾರಸಿ ಹಾಕಿದಾಗ ಅಳತೆ ತೆಗೆದು ಮಂಜೂರಾದ ನಕ್ಷೆಗೆ ಹೋಲಿಸಿ. ಪಾಯದಲ್ಲಿ ಒಂದು ಅಡಿ ಆಚೆ ಹೋದದ್ದನ್ನು ಅಲ್ಲೇ ಸರಿಪಡಿಸಬಹುದು, ನಾಲ್ಕನೇ ತಾರಸಿಯಲ್ಲಿ ಆಗದು. ಕಟ್ಟಡ ಮುಗಿದ ಒಂದು ತಿಂಗಳೊಳಗೆ ಸ್ವಾಧೀನಾನುಭವ ಪ್ರಮಾಣಪತ್ರಕ್ಕೆ, ಅಂದರೆ ಓಸಿಗೆ, ಅರ್ಜಿ ಹಾಕಬೇಕು.

ಓಸಿ ಇಲ್ಲದೆ ಬದುಕುವುದು ಬೆಂಗಳೂರಿನ ಹಳೆಯ ರೂಢಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ದುಬಾರಿಯಾಯಿತು. ಓಸಿ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಅದು ಹೇಳಿತು. ಆಮೇಲೆ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಿಯಾಯಿತಿ ಕೊಟ್ಟಿದೆ. ಆ ರಿಯಾಯಿತಿ ಓಸಿಯ ವಿಷಯಕ್ಕೆ, ಸೆಟ್‌ಬ್ಯಾಕ್ ನುಂಗಿದ್ದಕ್ಕಲ್ಲ.

ಹೆಜ್ಜೆ 9: ಭೂಬಳಕೆ ಬದಲಿಸಬೇಕಾದರೆ

ದಾರಿ ಯೋಜನಾ ಕಾಯ್ದೆಯ 14ಎ ಕಲಂ. ಕಾರಣಗಳು ಸೀಮಿತ: ನಕ್ಷೆಯಲ್ಲಿ ಆದ ತಪ್ಪು ಅಥವಾ ಬಿಟ್ಟುಹೋದದ್ದು, ಇಲ್ಲವೇ ಪರಿಸ್ಥಿತಿ ಬದಲಾಗಿದ್ದು, ಅದೂ ಸಾರ್ವಜನಿಕ ಹಿತಕ್ಕೆ ಒಪ್ಪುವಂತಿದ್ದರೆ. "ನನಗೆ ಬಾಡಿಗೆ ಹೆಚ್ಚು ಬರುತ್ತದೆ" ಎಂಬುದು ಕಾರಣವಲ್ಲ. ಅರ್ಜಿಯಲ್ಲಿ ಸುತ್ತಲಿನ ಬಳಕೆ, ರಸ್ತೆ ಅಗಲ, ನೀರು ಮತ್ತು ಒಳಚರಂಡಿ ಲಭ್ಯತೆ, ಸರ್ವೆ ಸ್ಕೆಚ್, ಹಕ್ಕುಪತ್ರ ಇರಬೇಕು. ಆ ಮೇಲೆ ದಿನಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಕನಿಷ್ಠ 15 ದಿನ, ಪ್ರಾಧಿಕಾರದ ಸಭೆ, ರಾಜ್ಯ ಸರ್ಕಾರದ ಪೂರ್ವಾನುಮೋದನೆ, 18ನೇ ಕಲಮಿನ ಶುಲ್ಕ. ತಿಂಗಳುಗಟ್ಟಲೆ ಹಿಡಿಯುತ್ತದೆ, ಸಿಕ್ಕೇ ಸಿಗುತ್ತದೆ ಎಂದು ಸಾಲ ಮಾಡಬೇಡಿ.

ಕಡಿಮೆ ಜನಕ್ಕೆ ಗೊತ್ತಿರುವ ಸುಲಭದ ದಾರಿಯೊಂದಿದೆ. ವಾಣಿಜ್ಯ ಅಥವಾ ಕೈಗಾರಿಕೆಯಿಂದ ವಸತಿಗೆ, ಕೈಗಾರಿಕೆಯಿಂದ ವಾಣಿಜ್ಯಕ್ಕೆ ಬದಲಿಸುವುದಾದರೆ, ಪ್ರಾಧಿಕಾರಕ್ಕೆ ಮೊದಲೇ ತಿಳಿಸಿ ನಿಗದಿತ ಶುಲ್ಕ ಕಟ್ಟಿದರೆ ಅನುಮತಿ ಸಿಕ್ಕಂತೆಯೇ ಎಂದು ಕಾಯ್ದೆ ಹೇಳುತ್ತದೆ. ತಿಳಿಸಿದ್ದಕ್ಕೆ ಸ್ವೀಕೃತಿ, ಕಟ್ಟಿದ್ದಕ್ಕೆ ಚಲನ್ ಎರಡನ್ನೂ ಜೋಪಾನ ಮಾಡಿ. ಅನುಮತಿ ಎಂಬ ಬೇರೆ ಕಾಗದ ಇಲ್ಲದಿರುವುದರಿಂದ ನಿಮ್ಮ ಸಾಕ್ಷಿ ಅವೇ.

ಬದಲಾವಣೆ ಕೇಳಿದವರು ಪಕ್ಕದವರಾಗಿದ್ದು, ಅದು ನಿಮಗೆ ತೊಂದರೆಯಾದರೆ ಆ 15 ದಿನವೇ ನಿಮ್ಮ ಅವಕಾಶ. ಆಕ್ಷೇಪಣೆಯಲ್ಲಿ ಸರ್ವೆ ನಂಬರು, ಪ್ರಕಟಣೆಯ ದಿನಾಂಕ, ನೀವೇ ಅಳೆದ ರಸ್ತೆ ಅಗಲ, ಕಾಲುವೆಯ ದೂರ ಬರೆಯಿರಿ. "ಶಾಂತಿ ಕದಡುತ್ತದೆ" ಎಂಬ ಸಾಲಿಗಿಂತ "ರಸ್ತೆ 9 ಮೀಟರ್ ಇದೆ" ಎಂಬ ಸಾಲಿಗೆ ತೂಕ ಹೆಚ್ಚು. ಈಗಾಗಲೇ ಕಟ್ಟಿ ಕೂತಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕಕ್ಕೆ ಮಂಜೂರಾದ ನಕ್ಷೆ, ಟ್ರೇಡ್ ಲೈಸೆನ್ಸ್, ಓಸಿ ಮೂರರ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ದೂರು ಕೊಡುವುದು ಆಮೇಲೆ.

ನೋಟಿಸ್ ಬಂದರೆ

ಮೊದಲ ನೋಟಿಸ್ ತಾತ್ಕಾಲಿಕ ಆದೇಶ ಮತ್ತು ಕಾರಣ ಕೇಳುವ ಪತ್ರ. ಉತ್ತರ ಕೊಡದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಅದು ಸ್ಥಿರೀಕರಣ ಆದೇಶವಾಗುತ್ತದೆ. ಮೈಸೂರು, ಹುಬ್ಬಳ್ಳಿಯಂಥ ಪಾಲಿಕೆಗಳಲ್ಲಿ ಇದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 321ನೇ ಕಲಮಿನ ಒಂದು, ಎರಡು, ಮೂರನೇ ಉಪಕಲಂಗಳಾಗಿ ಬರುತ್ತದೆ, ಮೇಲ್ಮನವಿ 443ಎ ಅಡಿಯಲ್ಲಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ. ಬೆಂಗಳೂರಿನ ಪಾಲಿಕೆಗಳ ನೋಟಿಸಿನಲ್ಲಿ ಕಾಯ್ದೆಯ ಹೆಸರು, ಕಲಂ ಬೇರೆ ಇರುತ್ತದೆ, ಮೇಲ್ಮನವಿಯ ಜಾಗವನ್ನು ಅದೇ ಕಾಯ್ದೆಯಲ್ಲಿ ನೋಡಿ. ನೋಟಿಸ್ ಕೊಡದೆ, 15 ದಿನ ಕಾಯದೆ ಕೆಡವಬಾರದು ಎಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ, ಕಾಲುವೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಆ ರಕ್ಷಣೆ ಇಲ್ಲ.

ನೋಟಿಸ್ ತೆಗೆದುಕೊಳ್ಳದೆ ಬಾಗಿಲು ಹಾಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ, ಗೋಡೆಗೆ ಅಂಟಿಸಿ ಹೋದರೂ ಅದು ಜಾರಿಯಾದಂತೆಯೇ. ಗಡುವಿನೊಳಗೆ ಬರಹದಲ್ಲಿ ಉತ್ತರ ಕೊಟ್ಟು, ಮಂಜೂರಾದ ನಕ್ಷೆಯ ಪ್ರತಿ ಮತ್ತು ಸ್ಥಳದ ಅಳತೆ ಲಗತ್ತಿಸಿ, ಎಷ್ಟು ವ್ಯತ್ಯಾಸ ಶೇ. 5ರೊಳಗೆ ಬರುತ್ತದೆ, ಯಾವುದನ್ನು ನೀವೇ ತೆಗೆಯುತ್ತೀರಿ ಎಂದು ಬೇರೆ ಬೇರೆಯಾಗಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.